ರಾಗಿ ಎಲೆಯ ಅಬ್ಸಿಸಿಕ್ ಆಮ್ಲ: ಪ್ರತಿಸಲ ಬೇರೆ ಅಂಕಿ ಏಕೆ?

ಪ್ರಶ್ನೆ: ನೀರಿನ ಕೊರತೆಗೆ ಒಡ್ಡಿದ ರಾಗಿ ಗಿಡಗಳ ಎಲೆಯಲ್ಲಿ ಅಬ್ಸಿಸಿಕ್ ಆಮ್ಲವನ್ನು (ನೀರು ಕಡಿಮೆಯಾದಾಗ ಗಿಡ ತಯಾರಿಸುವ ಹಾರ್ಮೋನು) ಅಳೆಯುತ್ತಿದ್ದೇನೆ. ಹೊಲದಲ್ಲಿ ಕಿತ್ತ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ಶೇ 80ರ ಮೆಥನಾಲ್‌ನಲ್ಲಿ ಅರೆದು, ಎಲೈಸಾ (ಪ್ರತಿಕಾಯದಿಂದ ಅಳೆಯುವ) ಕಿಟ್‌ನಿಂದ ಅಳೆದರೆ ಒಂದೇ ಗಿಡಕ್ಕೂ ಪ್ರತಿಸಲ ಬೇರೆ ಅಂಕಿ ಬರುತ್ತದೆ. ಅದೇ ಸಾರವನ್ನು, ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಗೆ ಹಾಕಿದರೆ ಇನ್ನೊಂದೇ ಅಂಕಿ. ಯಾವುದನ್ನು ನಂಬಲಿ?
(ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ನಿಮ್ಮ ತೊಂದರೆ ಯಂತ್ರಕ್ಕಿಂತ ಬಹಳ ಮೊದಲೇ, ಆ ಪ್ಲಾಸ್ಟಿಕ್ ಚೀಲದಲ್ಲಿಯೇ ಆರಂಭವಾಗಿದೆ. ಕಿತ್ತ ಗೋಧಿ ಎಲೆ ಬಾಡಿದಾಗ ಅದರಲ್ಲಿ ಅಬ್ಸಿಸಿಕ್ ಆಮ್ಲ ಏರುತ್ತದೆ ಎಂಬುದನ್ನು ರೈಟ್ ಮತ್ತು ಹಿರಾನ್ 1969ರಲ್ಲಿಯೇ ತೋರಿಸಿದ್ದರು. ಎಂದರೆ ಹೊಲದಿಂದ ಪ್ರಯೋಗಾಲಯಕ್ಕೆ ಬರುವ ದಾರಿಯಲ್ಲಿ ನಿಮ್ಮ ಎಲೆ ಹೊಸದಾಗಿ ಹಾರ್ಮೋನು ತಯಾರಿಸುತ್ತಿರುತ್ತದೆ, ಮತ್ತು ನೀವು ಅಳೆಯುವುದು ಹೊಲದ ಬರವನ್ನೋ ಚೀಲದೊಳಗಿನ ಬಾಡುವಿಕೆಯನ್ನೋ ಎಂದು ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ದ್ರವ ಸಾರಜನಕದ ಪಾತ್ರೆಯನ್ನು ಹೊಲಕ್ಕೇ ಒಯ್ಯಿರಿ. ಎಲೆ ಕಿತ್ತ ಕೆಲವೇ ಸೆಕೆಂಡುಗಳಲ್ಲಿ ಅದು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ಆ ದ್ರವದಲ್ಲಿ ಮುಳುಗಿರಬೇಕು.

ಅರೆಯುವಾಗಲೂ ಅಷ್ಟೇ ಎಚ್ಚರ ಬೇಕು. ಕುಟ್ಟಾಣಿಯನ್ನು ಮೊದಲೇ ತಣಿಸಿಟ್ಟಿದ್ದರೆ ಎಲೆ ತಿಳಿ ಹಸಿರಿನ, ಉದುರುದುರಾದ ಹಿಟ್ಟಾಗುತ್ತದೆ. ಆ ಹಿಟ್ಟು ಕಡುಹಸಿರಿಗೆ ತಿರುಗಿ ಗೋಡೆಗೆ ಮೆತ್ತಿಕೊಳ್ಳತೊಡಗಿತೆಂದರೆ ಅದು ಕರಗುತ್ತಿದೆ, ಕಿಣ್ವಗಳು ಎಚ್ಚೆತ್ತಿವೆ ಎಂದು ತಿಳಿಯಿರಿ. ಅಂಥ ಮಾದರಿಯನ್ನು ಎಸೆಯಲು ಹಿಂಜರಿಯಬಾರದು.

ಈಗ ಇಡೀ ವಿಧಾನದ ಜೀವಾಳಕ್ಕೆ ಬರೋಣ. ಸೋಸುವಾಗ, ಆರಿಸುವಾಗ, ಶುದ್ಧೀಕರಿಸುವಾಗ ಪ್ರತಿ ಹಂತದಲ್ಲೂ ಒಂದಿಷ್ಟು ಹಾರ್ಮೋನು ಕಳೆದುಹೋಗುತ್ತದೆ, ಎಷ್ಟು ಹೋಯಿತೆಂಬುದು ಪ್ರತಿಸಲ ಬದಲಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಆರು ಹೈಡ್ರೋಜನ್ ಪರಮಾಣುಗಳ ಬದಲು ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಇರುವ ಅಬ್ಸಿಸಿಕ್ ಆಮ್ಲವನ್ನು ಗೊತ್ತಾದ ಪ್ರಮಾಣದಲ್ಲಿ ಮೆಥನಾಲ್ ಜೊತೆಯಲ್ಲೇ ಹಿಟ್ಟಿಗೆ ಸೇರಿಸುವುದು. ಅದರ ರಾಸಾಯನಿಕ ನಡತೆ ಎಲೆಯದೇ ಆಮ್ಲದಂತೆ ಇರುವುದರಿಂದ ಎರಡೂ ಒಂದೇ ಪಾಲಿನಲ್ಲಿ ಕಳೆದುಹೋಗುತ್ತವೆ. ಆದರೆ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಎಲೆಯದು ತೂಕದಲ್ಲಿ 263ರಿಂದ 153ಕ್ಕೆ, ಸೇರಿಸಿದ್ದು 269ರಿಂದ 159ಕ್ಕೆ ಒಡೆದು ಬೇರೆ ಬೇರೆಯಾಗಿ ಕಾಣುತ್ತವೆ. 0.1 ಗ್ರಾಂ ಎಲೆಗೆ 10 ನ್ಯಾನೊಗ್ರಾಂ ಸೇರಿಸಿದ್ದು, ಎಲೆಯ ಆಮ್ಲದ ಸಂಕೇತ ಅದರ ಮೂರು ಪಟ್ಟು ಬಂದರೆ ಎಲೆಯಲ್ಲಿದ್ದದ್ದು 30 ನ್ಯಾನೊಗ್ರಾಂ, ಅಂದರೆ ಗ್ರಾಂಗೆ 300. ದಾರಿಯಲ್ಲಿ ಅರ್ಧ ಸೋರಿಹೋಗಿದ್ದರೂ ಈ ಲೆಕ್ಕ ಕೆಡುವುದಿಲ್ಲ. ಕೆಲವರು ಇದನ್ನು ಯಂತ್ರಕ್ಕೆ ಹಾಕುವ ಮುನ್ನ, ಕೊನೆಯಲ್ಲಿ ಸೇರಿಸುತ್ತಾರೆ. ಆಗ ಅದುವರೆಗಿನ ನಷ್ಟದ ಲೆಕ್ಕವೇ ಸಿಗದು.

ಶುದ್ಧೀಕರಣದಲ್ಲಿ ಪಿಎಚ್ ಮೇಲೆ ಕಣ್ಣಿಡಿ. ಅಬ್ಸಿಸಿಕ್ ಆಮ್ಲದ ಪಿಕೆಎ (ಅರ್ಧದಷ್ಟು ಅಣುಗಳು ವಿದ್ಯುದಂಶ ಪಡೆದಿರುವ ಪಿಎಚ್) ಸುಮಾರು 4.8, ಪಿಎಚ್ 3ಕ್ಕೆ ಇಳಿಸಿದರೆ ಬಹುಪಾಲು ವಿದ್ಯುದಂಶವಿಲ್ಲದ ರೂಪಕ್ಕೆ ಬಂದು ನೀರಿನೊಡನೆ ಬೆರೆಯದ ದ್ರಾವಕವಾದ ಈಥೈಲ್ ಅಸಿಟೇಟ್‌ಗೆ ಸೇರುತ್ತದೆ, ಇಲ್ಲವೇ ವಿದ್ಯುದಂಶವಿಲ್ಲದ ವಸ್ತುಗಳನ್ನು ಹಿಡಿದಿಡುವ ಸಿ-18 ಕಾಲಂನಲ್ಲಿ ನಿಲ್ಲುತ್ತದೆ. ದ್ರಾವಣ ಕ್ಷಾರೀಯವಾದರೆ ಗ್ಲೂಕೋಸ್‌ಗೆ ಬೆಸೆದುಕೊಂಡಿದ್ದ ಅಬ್ಸಿಸಿಕ್ ಆಮ್ಲವೂ ಬಿಡುಗಡೆಯಾಗಿ ಅಂಕಿ ಸುಳ್ಳೇ ಏರುತ್ತದೆ. ಬೆಳಕಿಗೆ ಇದರ ರಚನೆ ತಿರುಚಿಕೊಳ್ಳುವುದರಿಂದ ಕಂದು ಬಣ್ಣದ ಸೀಸೆ, ಮಂದ ಬೆಳಕು ಬೇಕು.

ನಿಮ್ಮ ಎರಡು ಅಂಕಿಗಳು ಹೊಂದದಿರುವುದಕ್ಕೆ ಶುದ್ಧವಾಗದ ಸಾರವೇ ಕಾರಣವಿರಬೇಕು. ಎಚ್‌ಪಿಎಲ್‌ಸಿಯ ಅತಿನೇರಳೆ ಶೋಧಕಕ್ಕೆ ಅದೇ ತರಂಗಾಂತರವನ್ನು ಹೀರುವ ಫೀನಾಲಿಕ್ ವಸ್ತುಗಳೂ ಕಾಣುತ್ತವೆ. ಎಲೈಸಾದ ಪ್ರತಿಕಾಯಕ್ಕೂ ಅಂಥವು ಅಡ್ಡಬರುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಸಿಗದೇ ಹೋದರೆ ಎಲೈಸಾವನ್ನೇ ಬಳಸಬಹುದು, ಆದರೆ ಸಾರವನ್ನು ಎರಡು, ನಾಲ್ಕು, ಎಂಟು ಪಟ್ಟು ತೆಳುವಾಗಿಸಿ ನೋಡಿ: ತೆಳುವಾಗಿಸಿದ್ದನ್ನು ಗುಣಿಸಿ ತೆಗೆದ ಉತ್ತರ ಮೂರೂ ಸಲ ಒಂದೇ ಬರದಿದ್ದರೆ ಆ ಅಂಕಿಯನ್ನು ಪ್ರಬಂಧದಲ್ಲಿ ಬರೆಯಬೇಡಿ.

ಇನ್ನೊಂದು ಮಾತನ್ನು ಬರದ ಪ್ರಯೋಗ ಮಾಡುವವರು ಪದೇಪದೇ ಮರೆಯುತ್ತಾರೆ. ಶೇ 80 ನೀರಿದ್ದ ಎಲೆ ಬಾಡಿ ಶೇ 60ಕ್ಕೆ ಇಳಿದರೆ, ಗ್ರಾಂ ಹಸಿ ಎಲೆಯಲ್ಲಿನ ಒಣ ಪದಾರ್ಥ 0.2ರಿಂದ 0.4 ಗ್ರಾಂಗೆ ಏರುತ್ತದೆ. ಹೊಸದಾಗಿ ಒಂದು ಕಣವೂ ತಯಾರಾಗದೆ ಹಾರ್ಮೋನು ಇಮ್ಮಡಿಯಾದಂತೆ ತೋರುತ್ತದೆ. ಆದ್ದರಿಂದ ಒಣ ತೂಕದ ಮೇಲೆಯೇ ಲೆಕ್ಕ ಕೊಡಿ.

ಪ್ರಶ್ನೆ: ಮಾವಿನ ಹಣ್ಣನ್ನು ಮಾಗಿಸುವ ಹಾರ್ಮೋನಾದ ಎಥಿಲೀನನ್ನೂ ಮೆಥನಾಲ್‌ನಲ್ಲಿ ತೆಗೆಯಬಹುದೇ?
(ತೋಟಗಾರಿಕೆ ವಿದ್ಯಾರ್ಥಿ, ಕೋಲಾರ)

ಉತ್ತರ: ಬೇಡ, ಅದು ಅನಿಲ. ತೂಕ ಮಾಡಿದ ಇಡೀ ಹಣ್ಣನ್ನು ರಬ್ಬರ್ ಬಿರಡೆಯ ಗಾಜಿನ ಭರಣಿಯಲ್ಲಿ ಒಂದು ಗಂಟೆ ಮುಚ್ಚಿಟ್ಟು, ಸಿರಿಂಜಿನಿಂದ 1 ಮಿಲಿಲೀಟರ್ ಗಾಳಿ ತೆಗೆದು ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಕೊಡಿ. ಭರಣಿಯ ಗಾತ್ರದಿಂದ ಹಣ್ಣಿನ ಗಾತ್ರವನ್ನು ಕಳೆದ ಮೇಲೆಯೇ ಲೆಕ್ಕ ಹಾಕಿ. ಹಣ್ಣನ್ನು ಹೋಳು ಮಾಡಬೇಡಿ. ಗಾಯವಾದ ಕಡೆ ಎಥಿಲೀನ್ ತಾನಾಗಿ ಹೆಚ್ಚುತ್ತದೆ.