ಪಿಎಚ್‌ಡಿ ಮುಗಿಯುವವರೆಗೆ ಶಾಲೆಗಳಿಗೆ ಹೋಗಿ ವಿಜ್ಞಾನ ಹೇಳಿಕೊಡುವುದನ್ನು ನಿಲ್ಲಿಸಬೇಕಾ?

"ಮೊದಲು ಪೇಪರ್, ಆಮೇಲೆ ಶಾಲೆ ಮಕ್ಕಳು" ಅಂತ ನಿಮ್ಮ ಗೈಡ್ ಹೇಳಿದ್ದಾರೆ, ಅಲ್ವಾ? ನನಗೂ ಹಾಗೇ ಹೇಳಿದ್ದರು. ಅವರ ಮಾತು ಕೇಳಿದೆ. ಪೇಪರೇನೂ ಬೇಗ ಬರಲಿಲ್ಲ.

ನನ್ನದೂ ಮೆಟೀರಿಯಲ್ಸ್ ಸೈನ್ಸೇ, ಮೂಳೆಗೆ ಕೂರಿಸುವ ಟೈಟಾನಿಯಂ ಇಂಪ್ಲಾಂಟ್ ಮೇಲೆ ಕೆಲಸ. ತೂತಿಲ್ಲದ ಗಟ್ಟಿ ಟೈಟಾನಿಯಂ ಮೂಳೆಗಿಂತ ತುಂಬಾ ಪೆಡಸು. ಪೆಡಸುತನ ಅಳೆದರೆ ಅದರದ್ದು ಸುಮಾರು 110 ಗಿಗಾಪಾಸ್ಕಲ್, ಮೂಳೆಯದ್ದು 10ರಿಂದ 30. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆ ಕೆಲಸವಿಲ್ಲದೆ ಸವೆಯುತ್ತದೆ. ಅದಕ್ಕೇ ಲೋಹದ ಪುಡಿಯನ್ನು ಕಾಯಿಸಿ ಬೆಸೆದು, ಒಳಗೆ ಸಣ್ಣ ಸಣ್ಣ ತೂತು ಉಳಿಸುತ್ತೇವೆ. ತೂತಿದ್ದರೆ ಪೆಡಸು ಇಳಿಯುತ್ತದೆ, ಮೂಳೆಯೂ ಆ ತೂತಿನೊಳಗೆ ಬೆಳೆಯುತ್ತದೆ.

ಇಂಥ ತುಣುಕುಗಳನ್ನು, ಮೇಲೆ ಜೀವಕೋಶ ಬೆಳೆಸಿ ನೋಡಲಿ ಅಂತ, ಬಯಾಲಜಿ ಲ್ಯಾಬಿಗೆ ಕೊಟ್ಟೆ. ಜೀವಕೋಶಗಳು ಸತ್ತವು. ಮತ್ತೆ ಕೊಟ್ಟೆ, ಮತ್ತೆ ಸತ್ತವು. ಮಿಶ್ರಲೋಹವೇ ಸರಿಯಿಲ್ಲ ಅಂದುಕೊಂಡು ಅದರ ಪ್ರಮಾಣ ಬದಲಿಸುತ್ತಾ ವರ್ಷವೇ ಕಳೆದೆ. ತಪ್ಪು ಇದ್ದದ್ದು ನನ್ನ ಪಾಲಿಶ್‌ನಲ್ಲಿ. ಮೈಕ್ರೋಸ್ಕೋಪಿಗೆ ಬೇಕು ಅಂತ ಎಲ್ಲ ತುಣುಕನ್ನೂ ಸಿಲಿಕಾ ದ್ರವ ಹಾಕಿ ಉಜ್ಜುತ್ತಿದ್ದೆ, ಆ ಕ್ಷಾರದ ದ್ರವ ತೂತಿನೊಳಗೆ ಇಳಿದು ಕೂರುತ್ತಿತ್ತು, ಮೇಲೆ ಎಷ್ಟು ಅಸಿಟೋನ್ ಒರೆಸಿದರೂ ಹೋಗುತ್ತಿರಲಿಲ್ಲ, ಆಮೇಲೆ ಜೀವಕೋಶ ಬೆಳೆಸುವ ಮೀಡಿಯಂಗೆ ನಿಧಾನವಾಗಿ ಸೋರುತ್ತಿತ್ತು. ನಾನು ಪಾಲಿಶ್ ಮಾಡುತ್ತೇನೆ ಅನ್ನುವುದೇ ಆ ಲ್ಯಾಬಿನವರಿಗೆ ಗೊತ್ತಿರಲಿಲ್ಲ. ಹೇಳಿದ್ದರೆ ಅವತ್ತೇ ಕೇಳುತ್ತಿದ್ದರು, ಯಾವುದರಿಂದ ಅಂತ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಎಲ್ಲರೂ ಮಾಡುವುದೇ ಅದು.

ಹಾಗಾಗಿ ಸಂಶೋಧನೆಯೋ ಶಾಲೆಯೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ನಿಮ್ಮ ಕೆಲಸ ಹೇಳೋಕೆ ಬರದಿದ್ದರೆ ಬಯಾಲಜಿಯವರಿಗೂ ಹೇಳೋಕೆ ಬರಲ್ಲ. ಶಾಲೆಗಳಿಗೆ ಹೋಗತೊಡಗಿದ ಮೇಲೆ ನೋಡಿದೆ, ಮಕ್ಕಳು ಪ್ರತಿಯೊಂದಕ್ಕೂ "ಅದಕ್ಕೆ ಮುಂಚೆ ಏನು ಮಾಡಿದ್ರಿ ಸರ್?" ಅಂತ ಕೇಳುತ್ತಾರೆ. ನಮ್ಮ ಸೆಮಿನಾರುಗಳಲ್ಲಿ ಈ ಪ್ರಶ್ನೆ ಯಾರೂ ಕೇಳಲ್ಲ, ಮರ್ಯಾದೆ ಪ್ರಶ್ನೆ ನೋಡಿ.

ಆದರೆ ದಯವಿಟ್ಟು ದ್ರವ ಸಾರಜನಕದ ಶೋ ಮಾಡಬೇಡಿ. ಮೈನಸ್ 196 ಡಿಗ್ರಿಯಲ್ಲಿ ಬಲೂನು ಮುದುಡುತ್ತದೆ, ಚಪ್ಪಾಳೆ ಬೀಳುತ್ತದೆ, ಅಷ್ಟೇ. ಅದರ ಬದಲು ನಿಟಿನಾಲ್ ತಂತಿಯನ್ನು ಅವರ ಕೈಗೇ ಕೊಡಿ. ನಿಕಲ್, ಟೈಟಾನಿಯಂ ಹೆಚ್ಚುಕಡಿಮೆ ಸಮಸಮ ಇರುವ ಲೋಹ. ಸೊಟ್ಟ ಮಾಡಿ ಬಿಸಿನೀರಿಗೆ ಹಾಕಿದರೆ ನೆಟ್ಟಗಾಗುತ್ತದೆ. ಯಾಕೆ ಅಂತ ಅವರೇ ಜಗಳ ಆಡಲಿ. ಕೊಳ್ಳುವಾಗ ಎಷ್ಟು ಡಿಗ್ರಿ ಬಿಸಿಗೆ ಹಳೇ ಆಕಾರಕ್ಕೆ ಬರುತ್ತದೆ ಅಂತ ಮಾತ್ರ ನೋಡಿಕೊಳ್ಳಿ. ಹಲ್ಲಿನ ಕ್ಲಿಪ್ಪಿಗೆ ಬಳಸುವ ಕೆಲವು ತಂತಿಗಳು ಬಗ್ಗಿಸಿ ಬಿಟ್ಟ ಕೂಡಲೇ ತಾವಾಗಿ ನೆಟ್ಟಗಾಗಿಬಿಡುತ್ತವೆ, ಬಿಸಿನೀರು ಸುಮ್ನೆ ದಂಡ.