ಮೊದಲು ಕೈ ಎಣಿಸಿ ನೋಡಿ

ಮಗಳಿಗೆ 13 ವರ್ಷ, ವಾರಕ್ಕೆ ಆರು ದಿನ ಈಜುತ್ತಾಳೆ, ಆದರೂ 100 ಮೀಟರ್ ಫ್ರೀಸ್ಟೈಲ್ ಟೈಮಿಂಗ್ ಒಂದು ವರ್ಷದಿಂದ ಇಳಿದಿಲ್ಲ, ಪ್ರತಿಭೆಯೇ ಇಲ್ವಾ ಅಂತ ಕೇಳಿದ್ದೀರಿ. ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ.

ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ವೇಗ ಎರಡು ಪಟ್ಟಾದರೆ ನೀರಿನ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಉಸಿರಿಗೆ ಅಂತ ತಲೆ ಮೇಲೆತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಆಮೇಲೆ ಎಷ್ಟು ಬಡಿದರೂ ಬ್ರೇಕ್ ಹಿಡಿದು ಸೈಕಲ್ ತುಳಿದ ಹಾಗೆ.

ಒಂದು ಕೆಲಸ ಮಾಡಿ. 25 ಮೀಟರ್ ಪೂಲ್ ಆದರೆ ಮೊದಲ ಲ್ಯಾಪ್‌ನಲ್ಲಿ ಎಷ್ಟು ಸಲ ಕೈ ಹಾಕುತ್ತಾಳೆ, ಕೊನೆಯದರಲ್ಲಿ ಎಷ್ಟು, ದಡದಲ್ಲಿ ನಿಂತು ಎಣಿಸಿ. 18 ಇದ್ದದ್ದು 25 ಆಗಿ, ವೇಗವೂ ಇಳಿದಿದ್ದರೆ ಕೈ ನೀರನ್ನು ಹಿಡಿಯದೆ ಜಾರುತ್ತಿದೆ. ಸುಸ್ತಾದಾಗ ಮೊದಲು ಬೀಳುವುದು ಮೊಣಕೈ. ಅದು ಮೇಲಿದ್ದು, ಅಂಗೈ ಮುಂಗೈ ಎರಡೂ ಸೇರಿ ನೀರನ್ನು ಹಿಂದಕ್ಕೆ ತಳ್ಳಬೇಕು.

1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ 50, 100 ಮೀಟರ್ ಎರಡೂ ಚಿನ್ನ ಗೆದ್ದ ಅಲೆಕ್ಸಾಂಡರ್ ಪೊಪೊವ್ ನಿಧಾನವಾಗಿ, ಆದರೆ ಶೈಲಿ ಒಂದಿಷ್ಟೂ ಕೆಡದಂತೆ ಈಜಿ ಅಭ್ಯಾಸ ಮಾಡುತ್ತಿದ್ದವರು. ಹಾಗಂತ ದೇಹ ಲೆಕ್ಕಕ್ಕಿಲ್ಲ ಅಂತಲ್ಲ. ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಎತ್ತರ 193 ಸೆಂಟಿಮೀಟರ್, ಕೈ ಚಾಚಿದರೆ ಸುಮಾರು 201. ಅದನ್ನು ಯಾವ ಕೋಚೂ ಕಲಿಸಲಾರರು, ಅಲ್ವಾ?

ಆದರೆ 13ಕ್ಕೆ ಮೈ ಇನ್ನೂ ಬೆಳೆಯುತ್ತಿರುತ್ತದೆ. ಕೈಕಾಲು ಉದ್ದವಾದಾಗ ಹಳೆಯ ಹಿಡಿತ ಸ್ವಲ್ಪ ದಿನ ತಪ್ಪುವುದೂ ಉಂಟು. ಈಗ ಸುಮ್ನೆ ಲ್ಯಾಪ್ ಜಾಸ್ತಿ ಮಾಡಿಸಿದರೆ ತಪ್ಪೇ ಗಟ್ಟಿಯಾಗುತ್ತದೆ. ಎಣಿಸಿದ ಲೆಕ್ಕ ಇಲ್ಲಿ ಹಾಕಿ, ನೋಡೋಣ.