ಗಾಳಿಗುಳ್ಳೆಯಿಂದಲೇ ಶುರುಮಾಡಿ

ನಮಸ್ಕಾರ.

‘ಜೀವಕೋಶ: ಒಂದು ಅದ್ಭುತ ಲೋಕ’ ಎಂಬ ನಿಮ್ಮ ಲೇಖನ ಕೈಸೇರಿದೆ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೆ ನಿಮ್ಮ ನಾಲ್ಕನೇ ಪುಟ ಕಾರಣ.

ಮೊದಲ ಮೂರು ಪುಟಗಳಲ್ಲಿರುವುದೆಲ್ಲ ಮಕ್ಕಳ ಪಠ್ಯಪುಸ್ತಕದಲ್ಲೇ ಇದೆ. ಸಸ್ಯಕೋಶಕ್ಕೆ ಕೋಶಭಿತ್ತಿ, ಅಂದರೆ ಹೊರಗೋಡೆ, ಉಂಟು, ಪ್ರಾಣಿಕೋಶಕ್ಕಿಲ್ಲ. ಅಲ್ಲಿ ರಸದಾನಿ (ಕೋಶದೊಳಗೆ ರಸ ತುಂಬಿದ ಚೀಲ) ದೊಡ್ಡದು, ಇಲ್ಲಿ ಚಿಕ್ಕದು. ಪರೀಕ್ಷೆಗೆ ಬರೆಯುವ ವ್ಯತ್ಯಾಸಗಳ ಪಟ್ಟಿಗೆ ಕ್ರಿಯಾಪದ ಜೋಡಿಸಿದ ಮಾತ್ರಕ್ಕೆ ಅದು ಲೇಖನವಾಗದು. ಒಂದೇ ಪ್ಯಾರಾದಲ್ಲಿ ಕೋಶಕೇಂದ್ರ ರಾಜ, ಮೈಟೊಕಾಂಡ್ರಿಯ ವಿದ್ಯುತ್ ಸ್ಥಾವರ, ಕ್ಲೋರೋಪ್ಲಾಸ್ಟ್ ಅಡುಗೆಮನೆ! ಇದು ಅರಮನೆಯೋ ಕಾರ್ಖಾನೆಯೋ ತಿಳಿಯದೆ ಓದುವ ಹುಡುಗ ಕಂಗಾಲಾಗುತ್ತಾನೆ. ಅಂದಹಾಗೆ, ನಮ್ಮ ರಕ್ತದಲ್ಲಿ ಬಲಿತ ಕೆಂಪು ಕಣಕ್ಕೆ ಕೋಶಕೇಂದ್ರವೇ ಇಲ್ಲ. ರಾಜನಿಲ್ಲದೆಯೂ ಅದು ಸುಮಾರು 120 ದಿನ ಓಡಾಡಿಕೊಂಡಿರುತ್ತದೆ.

ಈಗ ನಾಲ್ಕನೇ ಪುಟ. ಎಂಟನೇ ತರಗತಿಯಲ್ಲಿ ಮೊದಲ ಬಾರಿ ಸೂಕ್ಷ್ಮದರ್ಶಕದಲ್ಲಿ ಇಣುಕಿದಾಗ ದಪ್ಪ ಕಪ್ಪು ಅಂಚಿನ ದುಂಡು ಆಕಾರವೊಂದು ಕಂಡಿತು, ಅರ್ಧ ತರಗತಿ ಅದನ್ನೇ ಜೀವಕೋಶವೆಂದು ಚಿತ್ರ ಬರೆಯಿತು, ನೀವಂತೂ ನಡುವೆ ಚುಕ್ಕಿ ಇಟ್ಟು ‘ಕೋಶಕೇಂದ್ರ’ ಎಂದು ಗುರುತಿಸಿಯೂಬಿಟ್ಟಿರಿ, ಕೊನೆಗೆ ಟೀಚರ್ ಬಂದು ನೋಡಿದರೆ ಕವರ್ ಸ್ಲಿಪ್ ಕೆಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ! ಓದಿ ಒಬ್ಬನೇ ಕೂತು ನಕ್ಕೆ. ಇಂಥದ್ದನ್ನು ಯಾಕೆ ಆವರಣ ಚಿಹ್ನೆಯೊಳಗೆ ಬಚ್ಚಿಟ್ಟಿರಿ?

ತಮಾಷೆಯೆಂದರೆ, ಮರುಪ್ಯಾರಾದಲ್ಲೇ ನೀವು ಮತ್ತೆ ಅದೇ ಕೆಲಸ ಮಾಡಿದ್ದೀರಿ. ‘ಈರುಳ್ಳಿ ಪೊರೆಯ ಕೋಶಗಳಲ್ಲಿ ಹಸಿರು ಕ್ಲೋರೋಪ್ಲಾಸ್ಟ್‌ಗಳು ಮಿನುಗುತ್ತಿದ್ದವು’ ಎಂದು ಬರೆದಿದ್ದೀರಿ. ಮಿನುಗಿರಲಾರವು. ಈರುಳ್ಳಿ ಗಡ್ಡೆಯ ಒಳಪದರಕ್ಕೆ ಬೆಳಕು ತಾಗುವುದಿಲ್ಲ. ಆ ಪೊರೆಯ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಇರುವುದಿಲ್ಲ. ನಿಮಗೆ ಕಂಡದ್ದು ಇಟ್ಟಿಗೆ ಪೇರಿಸಿದಂಥ ಉದ್ದುದ್ದ ಕೋಣೆಗಳು, ಅಯೋಡಿನ್ ಹಾಕಿದ್ದರೆ ಒಂದು ಪಕ್ಕಕ್ಕೆ ಒತ್ತರಿಸಿ ಕೂತ ಕಂದು ಚುಕ್ಕಿ, ಅಷ್ಟೇ. ಹಸಿರು ಬಂದದ್ದು ಗೋಡೆಯ ಮೇಲಿನ ಚಾರ್ಟಿನಿಂದ. ಆ ಚುಕ್ಕಿ ಯಾಕೆ ನಡುವೆ ಇಲ್ಲದೆ ಅಂಚಿಗೆ ಸರಿದಿದೆ ಎಂದು ಒಮ್ಮೆ ಕೇಳಿಕೊಂಡಿದ್ದರೆ ರಸದಾನಿಯ ಗಾತ್ರ ತಾನಾಗಿಯೇ ಲೇಖನದೊಳಗೆ ಬರುತ್ತಿತ್ತು: ನಡುವಿನ ಜಾಗವನ್ನೆಲ್ಲ ಅದೇ ಹಿಡಿದುಕೊಂಡಿದೆ.

ಇನ್ನೊಂದು ತಪ್ಪನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ್ದೇನೆ. ‘ಸಸ್ಯಗಳಿಗೆ ಕ್ಲೋರೋಪ್ಲಾಸ್ಟ್, ಪ್ರಾಣಿಗಳಿಗೆ ಮೈಟೊಕಾಂಡ್ರಿಯ’ ಎಂಬ ಹಂಚಿಕೆ ಸರಿಯಲ್ಲ. ಮೈಟೊಕಾಂಡ್ರಿಯ ಎರಡರಲ್ಲೂ ಇದೆ. ಗಿಡ ಸಕ್ಕರೆ ತಯಾರಿಸಿಕೊಂಡರೆ ಸಾಲದು, ಅದರಿಂದ ಶಕ್ತಿ ತೆಗೆಯಲು ಅದೂ ಉಸಿರಾಡಲೇಬೇಕು.

‘ರಾಬರ್ಟ್ ಹುಕ್ 1665ರಲ್ಲಿ ಜೀವಕೋಶವನ್ನು ಕಂಡುಹಿಡಿದನು’ ಎಂಬುದು ನಿಮ್ಮ ಮೊದಲ ವಾಕ್ಯ. ತಪ್ಪಲ್ಲ, ಆದರೆ ಒಣಗಿದ ವಾಕ್ಯ. ಅವನು ನೋಡಿದ್ದು ಬಿರಡೆಯ ತೆಳುಪದರ. ಅಲ್ಲಿದ್ದದ್ದು ಸತ್ತ ಕೋಶಗಳ ಖಾಲಿ ಗೋಡೆಗಳು. ಒಳಗಿದ್ದವರು ಹೋದಮೇಲೂ ಮನೆ ನಿಂತಿತ್ತು. ಪ್ರಾಣಿಕೋಶಕ್ಕೆ ಅಂಥ ಗೋಡೆಯಿಲ್ಲ, ತೆಳುವಾದ ಪೊರೆ ಮಾತ್ರ. ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು ಜರ್ಮನ್ ಸಸ್ಯವಿಜ್ಞಾನಿ ಷ್ಲೈಡನ್ 1838ರಲ್ಲಿ ಹೇಳಿದ. ಪ್ರಾಣಿಗಳೂ ಹಾಗೆಯೇ ಎಂದು ಜರ್ಮನಿಯವನೇ ಆದ ಶರೀರವಿಜ್ಞಾನಿ ಷ್ವಾನ್ 1839ರಲ್ಲಿ ಸೇರಿಸಿದ. ಹುಕ್‌ನಿಂದ ಅಲ್ಲಿಗೆ 174 ವರ್ಷ. ಮಸೂರಗಳು ಸುಧಾರಿಸಬೇಕಿತ್ತು ನಿಜ, ಆದರೆ ಗೋಡೆಯಿಲ್ಲದ್ದನ್ನು ಬಿಡಿಬಿಡಿಯಾಗಿ ಗುರುತಿಸುವುದೂ ಸುಲಭವಿರಲಿಲ್ಲ. ಕೆನ್ನೆಯ ಒಳಭಾಗದ ಕೋಶಗಳನ್ನು ಮೆಥಿಲೀನ್ ಬ್ಲೂ ಹಾಕಿ ನೋಡಿದವರಿಗೆ ಇದು ಗೊತ್ತು: ಬಣ್ಣ ತುಸು ಹೆಚ್ಚಾದರೂ ನೀಲಿ ರಾಡಿ, ಕಡಿಮೆಯಾದರೆ ಏನೂ ಇಲ್ಲ. ನನಗೆ ಮೂರನೇ ಸ್ಲೈಡಿನಲ್ಲಿ ಕಂಡಿತ್ತು.

‘ಕೋಶಭಿತ್ತಿ ಆಧಾರ ನೀಡುತ್ತದೆ’ ಎಂಬ ಸಾಲು ಹೊಡೆದುಹಾಕಿ, ಮಾಡಿ ನೋಡಿದ್ದನ್ನು ಬರೆಯಿರಿ. ಕೆಂಪು ಈರುಳ್ಳಿಯ ನೇರಳೆ ಪೊರೆಗೆ ಗಟ್ಟಿ ಉಪ್ಪುನೀರಿನ ಒಂದೆರಡು ಹನಿ ಬಿಡಿ. ಕೆಲವೇ ನಿಮಿಷಗಳಲ್ಲಿ ಒಳಗಿನ ಬಣ್ಣ ಮುದುಡಿಕೊಂಡು ಗೋಡೆಯಿಂದ ದೂರ ಸರಿಯುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಉಪ್ಪನ್ನು ತೊಳೆದು ಸಾದಾ ನೀರು ಬಿಟ್ಟರೆ ಹಲವು ಕೋಶಗಳು ಮತ್ತೆ ತುಂಬಿಕೊಳ್ಳುತ್ತವೆ, ಒಡೆಯುವುದಿಲ್ಲ. ಕೆಂಪು ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ಅದು ಉಬ್ಬಿ ಒಡೆದೇಹೋಗುತ್ತದೆ. ಇಷ್ಟನ್ನು ಬರೆದರೆ ‘ಅಭಿಸರಣೆ’ (ಪೊರೆಯ ಮೂಲಕ ನೀರು ಒಳಹೊರಗೆ ಹಾಯುವುದು) ಎಂಬ ಪದ ಎಲ್ಲಿ ಬರಬೇಕೋ ಅಲ್ಲಿ ಬರುತ್ತದೆ.

ಕೊನೆಯ ಪುಟದ ‘ಹೀಗೆ ಪ್ರಕೃತಿಯ ಸೃಷ್ಟಿ ಅಗಾಧ’ ಬೇಡವೇ ಬೇಡ. ಒಟ್ಟು ಎಂಟುನೂರು ಪದ ಸಾಕು. ಆತುರವಿಲ್ಲ, ಸ್ಲೈಡ್ ಇನ್ನೊಮ್ಮೆ ನೋಡಿಕೊಂಡೇ ಬರೆಯಿರಿ. ಚುಕ್ಕಿ ಇಟ್ಟ ಆ ಗಾಳಿಗುಳ್ಳೆಯ ಚಿತ್ರ ಹಳೆಯ ಪ್ರಯೋಗ ಪುಸ್ತಕದಲ್ಲಿ ಇನ್ನೂ ಉಳಿದಿದ್ದರೆ ಅದನ್ನೂ ಕಳುಹಿಸಿ, ಲೇಖನದ ಜೊತೆ ಹಾಕೋಣ.